ಡಬ್ಲಿನ್ನಿನ ನಾಲ್ಕು ಸುವಾರ್ತೆ, ಆಲೆಟ್ಟಿಯ ಒಂದು ಹೊಳೆ

ಬಜಪೆ

ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಮೊದಲ ಸಲ ವಿದೇಶಕ್ಕೆ ಹೊರಟವಳ ಪೆಟ್ಟಿಗೆಯಲ್ಲಿ ಏನಿರಬೇಕು ಎಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ. ಮೂವತ್ತು ಚಿಲ್ಲರೆ ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳಿಗೆ ಕೇಳುವ ಅಭ್ಯಾಸ ತಪ್ಪಿಹೋಗಿರುತ್ತದೆ. ಹಾಗಾಗಿ ಎರಡು ಸ್ವೆಟರು, ನಾಲ್ಕು ಕಟ್ಟು ಹಲಸಿನ ಹಪ್ಪಳ, ಒಂದು ದೊಡ್ಡ ಬಾಟಲಿ ಮಾವಿನ ಮಿಡಿ ಉಪ್ಪಿನಕಾಯಿ, ಬಾಟಲಿ ಒಡೆಯದಿರಲಿ ಎಂದು ಅದರ ಸುತ್ತ ಒತ್ತಿಟ್ಟ ಸ್ಮರಣ ಸಂಚಿಕೆಯ ಕರಡು ಪುಟಗಳು, ಇಷ್ಟನ್ನು ತುಂಬಿಕೊಂಡು ಬಜಪೆ ವಿಮಾನ ನಿಲ್ದಾಣಕ್ಕೆ ಬಂದೆ.

ಹೊರಟದ್ದು ಅನ್ನಮ್ಮ ಟೀಚರ ಜೊತೆಗೆ. ಅವರು ನೆಲ್ಯಾಡಿಯವರು. ಅಜ್ಜನ ಕಾಲದಲ್ಲಿ ಕೇರಳದಿಂದ ಬಂದು ರಬ್ಬರ್ ಹಾಕಿದ ಮನೆತನ. ನಾನು ಕನ್ನಡ ಕಲಿಸುತ್ತಿದ್ದ ಶಾಲೆಯಲ್ಲೇ ಅವರು ಗಣಿತ ಕಲಿಸಿದರು. ಇಪ್ಪತ್ತು ವರ್ಷ ಒಂದೇ ಸ್ಟಾಫ್ ರೂಮಿನ ಒಂದೇ ಮೇಜನ್ನು ಹಂಚಿಕೊಂಡವರು ನಾವು. ಅವರ ಮಗಳು ಜಿನ್ಸಿ ಡಬ್ಲಿನ್ನಿನಲ್ಲಿ ನರ್ಸ್. ಅಲ್ಲಿ ಮೊಮ್ಮಗುವಿನ ಜ್ಞಾನಸ್ನಾನ. ಒಬ್ಬಳೇ ಹೋಗಲು ಹೆದರಿಕೆ ಎಂದು ಅನ್ನಮ್ಮ ನನ್ನನ್ನು ಹೊರಡಿಸಿದರು. ಅವರಿಗೆ ಹೆದರಿಕೆಯೇನೂ ಇರಲಿಲ್ಲ ಎಂದು ವಿಮಾನದಲ್ಲಿ ಗೊತ್ತಾಯಿತು. ಅವರು ನಿದ್ದೆ ಹೋದರು, ನಾನು ರೆಕ್ಕೆ ಸರಿಯಾಗಿ ಕೂತಿದೆಯೇ ಎಂದು ದಾರಿಯುದ್ದಕ್ಕೂ ನೋಡುತ್ತಾ ಕೂತೆ.

ಆ ಕರಡು ಪುಟಗಳ ವಿಷಯ ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ನನ್ನ ಮನಸ್ಸೆಲ್ಲ ಅದರಲ್ಲೇ ಇತ್ತು.

ನಮ್ಮೂರು ಸುಳ್ಯದ ಹತ್ತಿರದ ಆಲೆಟ್ಟಿ. ಅಲ್ಲಿಯ ನಮ್ಮ ಮೂಲೆಯ ಶಾಲೆಗೆ ಎಪ್ಪತ್ತೈದು ತುಂಬುತ್ತಿತ್ತು. ನಮ್ಮ ಕಡೆ ಶಾಲೆಗೆ ವರ್ಷ ತುಂಬಿದರೆ ಸ್ಮರಣ ಸಂಚಿಕೆ ಬರಲೇಬೇಕು. ಊಟ ಇಲ್ಲದಿದ್ದರೂ ನಡೆದೀತು, ಸಂಚಿಕೆ ಇಲ್ಲದೆ ನಡೆಯದು. ಶಾಲೆ ಶುರು ಮಾಡಿದ ಮಾಷ್ಟ್ರು ನನ್ನ ಅಪ್ಪನೇ ಆದದ್ದರಿಂದ ಸಂಪಾದಕತ್ವ ನನ್ನ ತಲೆಗೆ ಬಂತು. ಅಪ್ಪನ ಬಗ್ಗೆ ಊರಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ ಒಂದು ಉಂಟು. ಒಂದು ಮಳೆಗಾಲ ಶಾಲೆಯ ಎದುರಿನ ಹೊಳೆಯ ಪಾಲ, ಅಂದರೆ ಅಡಿಕೆ ಮರ ಹಾಸಿದ ಕಾಲುಸೇತುವೆ, ಕೊಚ್ಚಿಹೋಯಿತು. ಆಚೆ ದಡದ ಮಕ್ಕಳನ್ನು ಅಪ್ಪ ಹೆಗಲ ಮೇಲೆ ಕೂರಿಸಿ ದಾಟಿಸಿದರು. ಅಂದು ಹೆಗಲೇರಿದವರಲ್ಲಿ ನಾಲ್ವರು ಈಗಲೂ ಇದ್ದಾರೆ. ನಾಲ್ವರ ಹತ್ತಿರವೂ ಕೇಳಿ ಬರೆಸಿಕೊಂಡೆ. ನಿವೃತ್ತ ಪೋಸ್ಟ್‌ಮಾಸ್ಟರರು ಏಳು ಮಕ್ಕಳು ಎಂದರು, ಈಶ್ವರಮಂಗಲದಲ್ಲಿ ತೋಟ ಮಾಡಿಕೊಂಡಿರುವವರು ಹನ್ನೊಂದು ಎಂದರು. ಒಬ್ಬರ ಬರಹದಲ್ಲಿ ಅಪ್ಪ ಬಿಳಿ ಮುಂಡು ಎತ್ತಿ ಕಟ್ಟಿದ್ದರು, ಇನ್ನೊಬ್ಬರದರಲ್ಲಿ ಖಾಕಿ ಚಡ್ಡಿಯಲ್ಲಿದ್ದರು. ಕಡಬದಲ್ಲಿರುವ ಟೈಲರು ಪೋಸ್ಟ್‌ಮಾಸ್ಟರರ ಬರಹವನ್ನು ಎಲ್ಲೋ ಓದಿರಬೇಕು, ಅದರ ಮೂರು ಸಾಲು ಹಾಗೇ ಇಳಿಸಿ, ಕೊನೆಗೆ ಸ್ಲೇಟಿನ ಚೀಲವನ್ನೂ ಅಪ್ಪ ಹೊತ್ತು ತಂದರೆಂದು ಸೇರಿಸಿದ್ದರು.

ನಾಲ್ಕನೆಯವರು ಪೂವಕ್ಕ. ಎಂಬತ್ತು ದಾಟಿದ್ದಾರೆ, ಕಣ್ಣು ಮಂಜು, ಬರೆಯಲಾಗುವುದಿಲ್ಲ. ಅವರು ನಮ್ಮ ಕಡೆಯ ಆಡುಮಾತಾದ ಅರೆಭಾಷೆಯಲ್ಲಿ ಹೇಳಿದರು, ನಾನು ಕನ್ನಡದಲ್ಲಿ ಬರೆದುಕೊಂಡೆ. ಅವರ ಮಾತು ಎಲ್ಲರದಕ್ಕಿಂತ ಚಿಕ್ಕದು. ಕೊನೆ ಹೀಗಿತ್ತು: ಎಲ್ಲರನ್ನೂ ದಾಟಿಸಿ ಆದ ಮೇಲೆ ಮಾಷ್ಟ್ರು ಕಲ್ಲಿನ ಮೇಲೆ ಕೂತು ಗಡಗಡ ನಡುಗಿದರು, ಯಾರಿಗೂ ಹೇಳಬೇಡಿ ಎಂದರು, ನಾವು ಹೆದರಿ ಯಾರಿಗೂ ಹೇಳಲಿಲ್ಲ.

ಇದೆಂಥ ಕೊನೆ ಎಂದು ನನಗೆ ಅನ್ನಿಸಿತು. ನಾನು ಕೆಂಪು ಶಾಯಿ ಹಿಡಿದು ಕೂತೆ. ನಾಲ್ಕನ್ನೂ ಬೆಸೆದು ಒಂದು ಮಾಡಿದೆ; ಮಕ್ಕಳು ಒಂಬತ್ತಾದರು, ಮುಂಡು ಬಿಳಿಯಾಯಿತು, ನಡುಕ ಹೋಗಿ ಮಾಷ್ಟ್ರು ಮುಗುಳ್ನಗುತ್ತಾ ಮಕ್ಕಳ ತಲೆ ಸವರಿ ‘ವಿದ್ಯೆಗೆ ಯಾವ ಹೊಳೆಯೂ ಅಡ್ಡಿಯಲ್ಲ’ ಎಂದರು. ಕೆಳಗೆ ನಾಲ್ವರ ಹೆಸರೂ ಹಾಕಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಮಕ್ಕಳಿಗೆ ಹೆತ್ತವರು ಎಷ್ಟು ಮುದ್ದು ಎಂದು ಯಾರೂ ಗಾದೆ ಕಟ್ಟಿಲ್ಲ.

ಮೂವರು ಒಪ್ಪಿದರು. ಪೂವಕ್ಕನಿಗೆ ನಾನೇ ಓದಿ ಹೇಳಿದೆ. ಅವರು ಕೊನೆಯವರೆಗೂ ಕೇಳಿ, ಇಷ್ಟೇ ಹೇಳಿದರು: “ನಾನು ಹೇಳದ್ದನ್ನು ನನ್ನ ಬಾಯಿಗೆ ಯಾಕೆ ಹಾಕಿದ್ದು ಸರೋಜ? ನನ್ನ ಹೆಸರು ತೆಗಿ. ನಾನು ಸಭೆಗೂ ಬರುದಿಲ್ಲ.” ಆಮೇಲೆ ಮಾತು ನಿಂತಿತು. ಹುಟ್ಟಿದಂದಿನಿಂದ ನನ್ನನ್ನು ಎತ್ತಿ ಆಡಿಸಿದವರು, ದಾರಿಯಲ್ಲಿ ನನ್ನ ದನಿ ಕೇಳಿದರೆ ಬೇರೆ ಕಡೆ ತಿರುಗುವಂತಾಯಿತು. ಸಭೆಯಲ್ಲಿ ಮೊದಲ ಸನ್ಮಾನ ಅವರಿಗೇ ಎಂದು ಎಲ್ಲರೂ ನಿಶ್ಚಯಿಸಿದ್ದರು. ಪುತ್ತೂರಿನ ಪ್ರೆಸ್ಸಿನವರು ನಾನು ಐರ್ಲೆಂಡಿನಿಂದ ಬಂದ ಕೂಡಲೇ ಕೊನೆಯ ತಿದ್ದುಪಡಿ ಕೊಡಬೇಕು ಎಂದಿದ್ದರು. ಪೂವಕ್ಕನ ಹೆಸರು ತೆಗೆಯುವುದೋ ನಾನು ಕಟ್ಟಿದ ಕೊನೆ ತೆಗೆಯುವುದೋ ಎಂಬ ಸಂಕಟವನ್ನು ಉಪ್ಪಿನಕಾಯಿ ಬಾಟಲಿಗೆ ಸುತ್ತಿ ನಾನು ಹೊರಟಿದ್ದೆ.

ಡಬ್ಲಿನ್, ಮೊದಲ ಮೂರು ದಿನ

ಬಾಟಲಿ ಒಡೆಯಲಿಲ್ಲ. ಮುಚ್ಚಳ ಸಡಿಲವಾಯಿತು ಅಷ್ಟೆ. ಡಬ್ಲಿನ್ನಿನಲ್ಲಿ ಕಸ್ಟಮ್ಸಿನವನು ಪೆಟ್ಟಿಗೆ ತೆರೆದಾಗ ಪುಟಗಳೆಲ್ಲ ಕೆಂಪಗೆ ಎಣ್ಣೆ ಕುಡಿದು ಕೂತಿದ್ದವು. ಇದು ಏನು ಎಂದು ಕೇಳಿದ. ನನ್ನ ತಂದೆಯ ಕುರಿತ ಪುಸ್ತಕ ಎಂದೆ. ಅವನು ಬಾಟಲಿಯನ್ನೊಮ್ಮೆ, ಪುಟಗಳನ್ನೊಮ್ಮೆ ಮೂಸಿ ನೋಡಿ, ತಂದೆ ಖಾರದವರಿರಬೇಕು ಎಂದು ಹೇಳಿ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟು ಕಳಿಸಿದ. ಜಿನ್ಸಿ ಆ ಪುಟಗಳನ್ನು ಒರೆಸಿ ಮಗುವಿನ ಬಟ್ಟೆಗಳ ಜೊತೆಗೆ ಒಣಹಾಕಿದಳು. ಮುಂದಿನ ಮೂರು ದಿನ ಆ ಮನೆಗೆ ಬಂದವರೆಲ್ಲ ಏನೋ ರುಚಿಯಾದ ಅಡುಗೆ ಆಗುತ್ತಿದೆ ಎಂದುಕೊಂಡರು.

ಅಲ್ಲಿಯ ಜನ ಬಸ್ಸಿನಿಂದ ಇಳಿಯುವಾಗ ಡ್ರೈವರನಿಗೆ ಥ್ಯಾಂಕ್ಸ್ ಹೇಳುತ್ತಾರೆ. ಒಬ್ಬರೂ ಬಿಡದೆ ಹೇಳುತ್ತಾರೆ, ಶಾಲೆ ಮಕ್ಕಳೂ. ಪುತ್ತೂರು-ಸುಳ್ಯ ಬಸ್ಸಿನಲ್ಲಿ ಇಳಿಯುವಾಗ ನಾವು ಹೇಳುವುದು ‘ಸ್ವಲ್ಪ ನಿಲ್ಲಿಸಿ ಮಾರಾಯ್ರೆ, ಕಾಲು ಇನ್ನೂ ಮೇಲೆ ಉಂಟು’ ಎಂದು. ಎರಡನೆಯ ದಿನ ನಾನೂ ಹೇಳಿದೆ. ಡ್ರೈವರ್ ತಿರುಗಿ ನನಗೇ ಥ್ಯಾಂಕ್ಸ್ ಹೇಳಿದ. ನಾನು ಮತ್ತೆ ಹೇಳಿದೆ. ಹಿಂದಿನವರು ಕೆಮ್ಮಿದ ಮೇಲೆ ಅನ್ನಮ್ಮ ನನ್ನನ್ನು ಕೈಹಿಡಿದು ಇಳಿಸಿದರು.

ಇನ್ನೊಂದು ವಿಚಿತ್ರ ಕಂಡೆ. ಬೋರ್ಡುಗಳೆಲ್ಲ ಎರಡು ಭಾಷೆಯಲ್ಲಿವೆ, ಮೇಲೆ ಅವರ ಹಳೆಯ ಐರಿಷ್, ಕೆಳಗೆ ಇಂಗ್ಲಿಷ್. ಆದರೆ ಐರಿಷ್ ಮಾತಾಡುವ ಒಬ್ಬನೂ ನನ್ನ ಕಿವಿಗೆ ಬೀಳಲಿಲ್ಲ. ನಮ್ಮಲ್ಲಿ ತುಳು, ಅರೆಭಾಷೆ, ಬ್ಯಾರಿ ಒಂದೂ ಬೋರ್ಡಿನ ಮೇಲಿಲ್ಲ, ಬೋರ್ಡಿನ ಕೆಳಗೆ ನಿಂತವರ ಬಾಯಲ್ಲಿ ಮಾತ್ರ ಇವೆ. ಯಾವುದು ಒಳ್ಳೆಯದೋ ಗೊತ್ತಿಲ್ಲ. ಮಳೆಯ ಬಗ್ಗೆ ಹೇಳುವಂಥದ್ದೇನಿಲ್ಲ. ದಿನಕ್ಕೆ ಐದು ಸಲ ಬರುತ್ತದೆ, ಐದೂ ಸಲ ತಲೆ ಒದ್ದೆಯಾಗುವುದಿಲ್ಲ. ಅವರು ಅದಕ್ಕೆ ಪರಸ್ಪರ ಕ್ಷಮೆ ಕೇಳಿಕೊಳ್ಳುತ್ತಾರೆ.

ಕೋಟೆಯ ಹಿಂದಿನ ಮನೆ

ನಾಲ್ಕನೆಯ ದಿನ ಜಿನ್ಸಿಗೆ ಡ್ಯೂಟಿ. ನಮ್ಮಿಬ್ಬರನ್ನು ಊರ ನಡುವಿನ ಕೋಟೆಯ ಹತ್ತಿರ ಬಿಟ್ಟು, ಹಿಂದುಗಡೆ ಒಂದು ಪುಸ್ತಕಗಳ ಮ್ಯೂಸಿಯಂ ಉಂಟು, ಬೈಬಲಿನ ತುಂಬ ಹಳೆಯ ಹಾಳೆಗಳು ಅಲ್ಲಿವೆ, ಅಮ್ಮನಿಗೆ ಪುಣ್ಯ, ಟೀಚರಿಗೆ ಪುಸ್ತಕ ಎಂದು ಹೇಳಿ ಹೋದಳು.

ಒಳಗೆ ಅರೆಗತ್ತಲೆ. ಗಾಜಿನ ಪೆಟ್ಟಿಗೆಯಲ್ಲಿ ಕಂದು ಬಣ್ಣದ ಹಾಳೆಗಳು, ಸುತ್ತಲೂ ಇಲಿ ತಿಂದಂತೆ ಅಂಚು. ಜೊಂಡು ಹುಲ್ಲಿನ ಪಟ್ಟಿಗಳನ್ನು ಅಡ್ಡ ಉದ್ದ ಹಾಸಿ ಒತ್ತಿ ಮಾಡಿದ ಕಾಗದವಂತೆ, ಹದಿನೇಳು ಹದಿನೆಂಟು ನೂರು ವರ್ಷ ಹಳೆಯದು. ಅಕ್ಷರ ಗ್ರೀಕ್. ಪದ ಪದದ ನಡುವೆ ಜಾಗವಿಲ್ಲ, ಅಧ್ಯಾಯ ಇಲ್ಲ, ವಚನದ ಸಂಖ್ಯೆ ಇಲ್ಲ. ಅನ್ನಮ್ಮ ಶಿಲುಬೆ ಹಾಕಿಕೊಂಡು ಕೈಮುಗಿದರು. ನಾನು, ರೂಢಿಯ ದೋಷ, ಎಷ್ಟು ಮಾರ್ಕು ಕೊಡಬಹುದು ಎಂದು ಅಕ್ಷರ ನೋಡಿದೆ. ಅಕ್ಷರ ಚೆನ್ನಾಗಿತ್ತು.

ಅಲ್ಲಿ ಸ್ವಯಂಸೇವಕರಾಗಿ ನಿಂತಿದ್ದವರು ಡೆಕ್ಲನ್ ಎಂಬ ವೃದ್ಧರು. ಹಿಂದೆ ಬೈಂಡಿಂಗ್ ಕೆಲಸ ಮಾಡುತ್ತಿದ್ದವರು. ಇಬ್ಬರು ಹೆಂಗಸರು ಗಾಜಿಗೆ ಮೂಗು ತಾಗಿಸಿ ನಿಂತದ್ದು ನೋಡಿ ಅವರಿಗೆ ಹುರುಪು ಬಂತು. ಯೇಸುವಿನ ಮತ ಸಾರುತ್ತ ತಿರುಗಿದ ಪೌಲನ ಪತ್ರಗಳ ಪುಸ್ತಕ ತೋರಿಸಿದರು. ಆ ಕಾಲದವರು ದೊಡ್ಡ ಬರಹಗಳನ್ನು ಸುರುಳಿ ಸುತ್ತುತ್ತಿದ್ದರಂತೆ. ಈ ಹೊಸ ಮತದವರು ಮಾತ್ರ ಹಾಳೆ ಮಡಚಿ ಪುಸ್ತಕ ಮಾಡಿಕೊಂಡರು. ಅಷ್ಟೂ ಹಾಳೆಯನ್ನು ಒಂದರ ಮೇಲೊಂದು ಇಟ್ಟು ನಡುವಿಗೆ ಒಂದೇ ಮಡಿಕೆ, ನಮ್ಮ ಶಾಲೆಯ ಪಿನ್ ಹೊಡೆದ ನೋಟ್ ಪುಸ್ತಕದ ಹಾಗೆ. ಹಾಗೆ ಮಾಡಿದರೆ ಎಷ್ಟು ಹಾಳೆ ಬೇಕೆಂದು ಮೊದಲೇ ಅಂದಾಜು ಮಾಡಬೇಕು. ಇದನ್ನು ಬರೆದವನ ಅಂದಾಜು ತಪ್ಪಿತ್ತು. ಅರ್ಧ ದಾಟಿದ ಮೇಲೆ ಅವನಿಗೆ ಗಾಬರಿಯಾಗಿ ಪುಟಕ್ಕೆ ಒಂದೆರಡು ಸಾಲು ಹೆಚ್ಚು ತುರುಕುತ್ತಾ ಹೋಗಿದ್ದಾನೆ. ನನಗೆ ಆ ಮನುಷ್ಯನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ಪುತ್ತೂರಿನ ಪ್ರೆಸ್ಸಿನವರೂ ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಹದಿನಾರು ಪುಟದ ಕಟ್ಟು, ತುಂಬಿದ ಮೇಲೆ ಇದನ್ನೇ ಮಾಡುವುದು.

ಪತ್ರಗಳನ್ನು ಬರೆದ ಕಾಲದ ಕ್ರಮದಲ್ಲಿ ಇಟ್ಟಿಲ್ಲ, ಹೆಚ್ಚುಕಡಿಮೆ ಉದ್ದದ್ದು ಮೊದಲು, ಗಿಡ್ಡದ್ದು ಕೊನೆಗೆ ಎಂದರು. ಯೇಸುವಿನ ಕಥೆ ಹೇಳುವ ಸುವಾರ್ತೆಗಳು ಬೈಬಲಿನಲ್ಲಿ ಪತ್ರಗಳಿಗಿಂತ ಮೊದಲು ಬಂದರೂ ಬರೆದದ್ದು ಪತ್ರಗಳ ನಂತರವಂತೆ. ಇದರಲ್ಲಿ ನನಗೆ ಆಶ್ಚರ್ಯವೇನೂ ಕಾಣಲಿಲ್ಲ. ಸ್ಮರಣ ಸಂಚಿಕೆಯಲ್ಲಿ ಶಾಸಕರ ಶುಭಾಶಯ ಎಲ್ಲಕ್ಕಿಂತ ಕೊನೆಗೆ ಬರುತ್ತದೆ, ಎಲ್ಲಕ್ಕಿಂತ ಮುಂದೆ ಕೂರುತ್ತದೆ. ನಾವು ಹುದ್ದೆಯ ಉದ್ದ ನೋಡಿ ಜೋಡಿಸುತ್ತೇವೆ, ಅವರು ಪತ್ರದ ಉದ್ದ ನೋಡಿದರು.

ಆಮೇಲೆ ಪಕ್ಕದ ಗಾಜು. ಮತ್ತಾಯ, ಮಾರ್ಕ, ಲೂಕ, ಯೋಹಾನ, ನಾಲ್ವರ ಸುವಾರ್ತೆಯನ್ನೂ ಒಂದೇ ಪುಸ್ತಕದಲ್ಲಿ ಬರೆದ ಪ್ರತಿಯ ಉಳಿಕೆ. ನಾಲ್ಕೂ ಒಂದೇ ಮನುಷ್ಯನ ಕಥೆಯೇ ಎಂದು ನಾನು ಕೇಳಿದೆ. ಹೌದು ಎಂದರು. ಒಂದೇ ಥರ ಹೇಳುತ್ತವೆಯೇ? ಇಲ್ಲ ಎಂದು ನಕ್ಕರು. ಶಿಲುಬೆಗೇರಿದ ಯೇಸುವಿನ ಸಮಾಧಿಯ ಹತ್ತಿರ ಹೋದ ಹೆಂಗಸರು ಎಷ್ಟು ಮಂದಿ, ಅಲ್ಲಿ ಕಂಡ ಬಿಳಿ ಬಟ್ಟೆಯವರು ಒಬ್ಬರೋ ಇಬ್ಬರೋ, ಒಂದೊಂದರಲ್ಲಿ ಒಂದೊಂದು. ಇದನ್ನೆಲ್ಲ ಅಭ್ಯಾಸ ಮಾಡಿದ ಹೆಚ್ಚಿನವರ ಪ್ರಕಾರ ಮಾರ್ಕ ಮೊದಲು ಬರೆದದ್ದು, ಮತ್ತಾಯ ಲೂಕ ಇಬ್ಬರೂ ಅದನ್ನು ಎದುರಿಗಿಟ್ಟುಕೊಂಡೇ ಬರೆದರು, ಕೆಲವು ಕಡೆ ಪದಕ್ಕೆ ಪದ. ಸಂಚಿಕೆಯ ಕಥೆಯೆಲ್ಲ ಗೊತ್ತಿದ್ದ ಅನ್ನಮ್ಮ ನನ್ನ ಪಕ್ಕೆಗೆ ತಿವಿದರು. “ನಿಮ್ಮ ಕಡಬದ ಟೈಲರ್” ಎಂದರು. ಪರೀಕ್ಷೆಯ ಹಾಲಿನಲ್ಲಿ ಇಪ್ಪತ್ತು ವರ್ಷ ಒಟ್ಟಿಗೆ ನಿಂತವರು ನಾವು, ನಗು ತಡೆಯಲಾಗಲಿಲ್ಲ.

ಇನ್ನೂ ಹೇಳಿದರು. ಯೇಸು ಮಾತಾಡಿದ್ದು ಅರಮಾಯಿಕ್ ಭಾಷೆ, ಈ ಪುಸ್ತಕಗಳೆಲ್ಲ ಗ್ರೀಕಿನಲ್ಲಿ. ಆಡಿದ ಭಾಷೆ ಒಂದು, ಬರೆದದ್ದು ಇನ್ನೊಂದು. ನನ್ನ ನಗು ಅಲ್ಲಿಗೆ ಸ್ವಲ್ಪ ಕಡಿಮೆಯಾಯಿತು, ಅರೆಭಾಷೆಯ ಪೂವಕ್ಕ ನೆನಪಾದರು.

ಇಷ್ಟು ಗೊಂದಲ ಯಾಕೆ, ನಾಲ್ಕನ್ನೂ ಸೇರಿಸಿ ಒಂದು ಚೆಂದದ ಕಥೆ ಮಾಡಬಹುದಿತ್ತಲ್ಲ ಎಂದು ಕೇಳಿದೆ. ಸಂಪಾದಕಿಯಾಗಿಯೇ ಕೇಳಿದ್ದು. ಡೆಕ್ಲನ್ ಇದೇ ಪ್ರಶ್ನೆಗೆ ಕಾದು ನಿಂತವರಂತೆ ಕನ್ನಡಕ ತೆಗೆದರು. ಒಬ್ಬ ವಿದ್ವಾಂಸ ಮಾಡಿದ್ದನಂತೆ, ಬಹಳ ಹಿಂದೆಯೇ. ನಾಲ್ಕನ್ನೂ ಬಿಡಿಸಿ ಒಂದೇ ಎಳೆಯಲ್ಲಿ ಹೆಣೆದ. ಸಿರಿಯಾದ ಕಡೆಯ ಚರ್ಚುಗಳಲ್ಲಿ ತಲೆಮಾರುಗಟ್ಟಲೆ ಅದನ್ನೇ ಓದುತ್ತಿದ್ದರು. “ನಮ್ಮವರೇ” ಎಂದು ಸಿರಿಯನ್ ಕ್ರಿಶ್ಚಿಯನ್ನರಾದ ಅನ್ನಮ್ಮನಿಗೆ ಸಂತೋಷವಾಯಿತು. ಕೊನೆಗೆ ಅಲ್ಲಿಯ ಬಿಷಪ್ಪರೇ ಅದನ್ನು ತೆಗೆಸಿ ನಾಲ್ಕನ್ನೂ ಬೇರೆ ಬೇರೆಯಾಗಿ ಮತ್ತೆ ತಂದಿಟ್ಟರು. ಜಗಳ ಇದ್ದರೂ ಇರಲಿ, ನಾಲ್ವರು ಹೇಳಿದ್ದು ನಾಲ್ವರದೇ ಆಗಿರಲಿ ಎಂದು.

“ಮಾರ್ಕನ ಕೊನೆ ನಿಮಗೆ ಗೊತ್ತೇ?” ಎಂದು ಅವರು ಅನ್ನಮ್ಮನನ್ನು ಕೇಳಿದರು.

ಮತ್ತೆ ಎದ್ದುಬಂದ ಯೇಸು ಶಿಷ್ಯರಿಗೆ ಕಾಣಿಸಿಕೊಂಡು ಸ್ವರ್ಗಕ್ಕೇರಿದ್ದು ಎಂದು ಅನ್ನಮ್ಮ ಹೇಳಿದರು. ಡೆಕ್ಲನ್ ತಲೆಯಾಡಿಸಿ, ಅದು ಆಮೇಲೆ ಸೇರಿಸಿದ್ದು ಎಂದರು. ಇಲ್ಲಿರುವ ಹಾಳೆಗಳಲ್ಲಿ ಆ ಭಾಗ ಉಳಿದಿಲ್ಲ, ಆದರೆ ಬೇರೆ ಕಡೆ ಸಿಕ್ಕಿರುವ ಅತ್ಯಂತ ಹಳೆಯ ಪೂರ್ತಿ ಪ್ರತಿಗಳಲ್ಲಿ ಮಾರ್ಕ ಒಂದು ಕಡೆ ಥಟ್ಟನೆ ನಿಂತುಬಿಡುತ್ತಾನೆ. ಸಮಾಧಿ ಖಾಲಿ ಕಂಡ ಹೆಂಗಸರು ನಡುಗುತ್ತಾ ಓಡಿಹೋದರು, ಹೆದರಿದ್ದರಿಂದ ಯಾರಿಗೂ ಏನೂ ಹೇಳಲಿಲ್ಲ. ಅಷ್ಟೆ. ಮುಂದೆ ನಕಲು ಮಾಡಿದ ಯಾರಿಗೋ ಇದೆಂಥ ಕೊನೆ ಎಂದು ಅನ್ನಿಸಿರಬೇಕು, ಚೆಂದದ ಕೊನೆಯೊಂದನ್ನು ಅಂಟಿಸಿದರು.

ನಾನು ಗಾಜಿನ ಅಂಚು ಹಿಡಿದುಕೊಂಡೆ. ಮುಟ್ಟಬಾರದು ಎಂದು ಬರೆದಿತ್ತು. ನಡುಕ, ಹೆದರಿಕೆ, ಯಾರಿಗೂ ಹೇಳದೆ ಉಳಿದದ್ದು, ಇದನ್ನೇ ಪೂವಕ್ಕ ನನಗೆ ಆಲೆಟ್ಟಿಯ ಜಗಲಿಯಲ್ಲಿ ಹೇಳಿದ್ದರು. ನಾನು ಅದನ್ನು ಕಿತ್ತು ಮುಗುಳ್ನಗೆ ಅಂಟಿಸಿದ್ದೆ. ಮಕ್ಕಳು ಪ್ರಬಂಧದ ಕೊನೆಗೆ ನೀತಿಯ ಸಾಲು ಅಂಟಿಸಿದರೆ ಕೆಂಪು ಗೆರೆ ಎಳೆಯುತ್ತಿದ್ದವಳೂ ನಾನೇ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಗಿತ್ತು. ನನಗೆ ನಾಚಿಕೆಯಾಯಿತು.

ಜ್ಞಾನಸ್ನಾನದ ಬೆಳಿಗ್ಗೆ

ಚರ್ಚಿನಲ್ಲಿ ಪಾದ್ರಿಗಳು ನೀರು ಸುರಿದ ಕೂಡಲೇ ಮಗು ಚಾವಣಿ ಹಾರಿಹೋಗುವಂತೆ ಕಿರುಚಿತು. ಎಲ್ಲರೂ ನಕ್ಕರು. ನೀರಿಗೆ ಹೆದರುವುದಕ್ಕೆ ಧರ್ಮದ ಭೇದ ಇಲ್ಲ. ನನಗೆ ಮಾತ್ರ ಆಗ ಅಪ್ಪನ ಸ್ನಾನ ನೆನಪಾಯಿತು.

ನಮ್ಮ ಮನೆಯ ಕೆಳಗೇ ಹೊಳೆ. ಊರಿನ ಗಂಡಸರೆಲ್ಲ ಅಲ್ಲಿ ಮುಳುಗಿ ಈಜಿ ಬರುತ್ತಿದ್ದರು. ಅಪ್ಪ ಮಾತ್ರ ವರ್ಷವಿಡೀ ಬಚ್ಚಲಿನಲ್ಲಿ ಹಂಡೆಯ ನೀರು ಚೊಂಬಿನಲ್ಲಿ ಮೊಗೆದು ಮೀಯುತ್ತಿದ್ದರು. ಮಾಷ್ಟ್ರಾದ ಕಾರಣ ಘನತೆ ಎಂದು ನಾನು ತಿಳಿದಿದ್ದೆ. ನನಗೆ ಈಜು ಕಲಿಸಲು ಅಮ್ಮ ಹೇಳಿದರೆ ಏನಾದರೊಂದು ಉತ್ತರಪತ್ರಿಕೆ ತಿದ್ದಲು ಕೂರುತ್ತಿದ್ದರು. ಅಪ್ಪನಿಗೆ ನೀರಿನ ಹೆದರಿಕೆ ಇತ್ತು. ಅರವತ್ತನಾಲ್ಕು ವರ್ಷಕ್ಕೆ, ಬೇರೆ ದೇಶದ ಚರ್ಚಿನ ಬೆಂಚಿನ ಮೇಲೆ, ನನಗದು ಗೊತ್ತಾಯಿತು. ಈಜು ಬಾರದ ಮನುಷ್ಯ ಆ ಹೊಳೆಗೆ ಇಳಿದಿದ್ದರು. ನನಗೆ ಅಳು ಬಂತು, ಮಗುವಿನ ಅಳುವಿನ ನಡುವೆ ಯಾರೂ ಗಮನಿಸಲಿಲ್ಲ.

ಊಟಕ್ಕೆ ಮೊದಲೇ ಹೊರಗೆ ಬಂದು ಪುತ್ತೂರಿಗೆ ಫೋನು ಮಾಡಿದೆ. ಲೇಖನ ಒಡೆಯಿರಿ, ನಾಲ್ಕು ಮಾಡಿ, ನಾಲ್ವರ ಮೂಲ ಬರಹ ನಿಮ್ಮ ಹತ್ತಿರ ಉಂಟು, ಒಂದಕ್ಷರ ತಿದ್ದಬೇಡಿ, ಪೂವಕ್ಕನದು ಮೊದಲು ಬರಲಿ ಎಂದೆ. ಪ್ರೆಸ್ಸಿನವರು, “ಟೀಚರ್, ಏಳೋ ಹನ್ನೊಂದೋ? ಓದುವವರು ಎಂತ ತಿಳ್ಕೊಳ್ಳುದು?” ಎಂದು ಕೇಳಿದರು. ತಿಳ್ಕೊಳ್ಳುದು ಅವರ ಕೆಲಸ ಎಂದೆ.

ಆಲೆಟ್ಟಿ

ಬಂದ ಮರುದಿನವೇ ಹೊಸ ಪುಟ ಹಿಡಿದು ಪೂವಕ್ಕನ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕೂತು ಕೈಯಲ್ಲೇ ತಡವಿ ತಡವಿ ಅಡಿಕೆ ಸುಲಿಯುತ್ತಿದ್ದರು. ದನಿ ಕೇಳಿ ಮುಖ ತಿರುಗಿಸಿದರು. ನಾನು ಪಕ್ಕದಲ್ಲಿ ಕೂತು, ತಪ್ಪಾಯಿತು ಪೂವಕ್ಕ ಎಂದು ಹೇಳಿ, ಅವರು ಹೇಳಿದ್ದನ್ನು ಹೇಳಿದಷ್ಟೇ ಓದಿದೆ. ಹೆದರಿ ಯಾರಿಗೂ ಹೇಳಲಿಲ್ಲ ಎಂಬಲ್ಲಿಗೆ ನಿಲ್ಲಿಸಿದೆ.

“ಮತ್ತೆ?” ಎಂದರು.

“ಮತ್ತೆ ಇಲ್ಲ. ನೀವು ಹೇಳಿದ್ದು ಅಷ್ಟೇ ಅಲ್ಲವಾ.”

ಅವರ ಕೈ ನಿಂತಿತು. ನನ್ನ ಮೊಣಕಾಲು ಹುಡುಕಿ ಅದರ ಮೇಲೆ ಕೈ ಇಟ್ಟರು. ಇಷ್ಟು ದಿನದಿಂದ ಕೇಳಬೇಕೆಂದಿದ್ದ ಪ್ರಶ್ನೆಯನ್ನು ಆಗ ಕೇಳಿದೆ, ಯಾರಿಗೂ ಹೇಳಬೇಡಿ ಎಂದು ಅಪ್ಪ ಯಾಕೆ ಹೇಳಿದರು ಎಂದು. ನಾಚಿಕೆಗೆ ಇರಬೇಕು ಎಂದು ನನ್ನ ಊಹೆ.

“ನಾಚಿಕೆ ಎಂತದ್ದು? ಮಾಷ್ಟ್ರಿಗೇ ಹೆದರಿಕೆ ಆಗಿದೆ ಅಂತ ಗೊತ್ತಾದ್ರೆ ನಾಳೆ ಮನೆಯವರು ನಿಮ್ಮನ್ನು ಶಾಲೆಗೆ ಕಳಿಸ್ಲಿಕ್ಕಿಲ್ಲ ಅಂತ ಹೇಳಿದ್ರು. ಹಾಗೆ ನಾವು ಬಾಯಿ ಮುಚ್ಚಿದ್ದು.”

“ನಾಳೆಗಾ? ಮರುದಿನವೂ ನೀರಿತ್ತಾ?”

“ಹೊಸ ಪಾಲ ಹಾಕಿದ್ದು ಮಳೆ ಬಿಟ್ಟ ಮೇಲೆ ಅಲ್ವಾ ಮಗಾ” ಎಂದರು ಪೂವಕ್ಕ. “ನೀವೆಲ್ಲ ಒಂದೇ ದಿನದ ಕಥೆ ಕೇಳಿದ್ದು. ಮರುದಿನ ಎಂತ ಆಯ್ತು ಅಂತ ಯಾರೂ ಕೇಳ್ಲಿಲ್ಲ. ಆ ಮಳೆಗಾಲ ಇಡೀ ದಾಟಿಸಿದ್ರು. ದಿನಾ ದಾಟಿಸುದು, ದಿನಾ ಆ ಕಲ್ಲಿನ ಮೇಲೆ ಕೂತು ನಡುಗುದು.”

ನಾನು ಪೆನ್ನು ತೆಗೆದದ್ದು ಸದ್ದಿನಲ್ಲೇ ಅವರಿಗೆ ತಿಳಿಯಿತು. ನನ್ನ ಕೈ ಹಿಡಿದುಕೊಂಡರು.

“ನಾನು ಹೇಳಿದ್ದಕ್ಕೆ ಅಂಟಿಸ್ಬೇಡ ಸರೋಜ. ಅದು ಮುಗಿದಿದೆ. ಇದು ನೀನು ಕೇಳಿದ್ದು. ಬರೆಯುದಾದ್ರೆ ನಿನ್ನ ಹೆಸರಲ್ಲಿ ಬರಿ.”

ಸಭೆಗೆ ಬರುತ್ತೀರಾ ಎಂದು ಕೇಳಿದೆ. ಯಾವ ಸೀರೆ ಉಡುದು ಎಂದು ಕೇಳಿದರು.

ಅಲ್ಲಿಂದಲೇ ಪುತ್ತೂರಿಗೆ ಫೋನು ಮಾಡಿ, ಇನ್ನೊಂದು ಬರಹ ಬರುತ್ತದೆ, ಐದನೆಯದು, ನನ್ನ ಹೆಸರಲ್ಲಿ ಎಂದೆ. ಫಾರಂ ತುಂಬಿದೆ ಟೀಚರ್, ಒಂದು ಪುಟಕ್ಕೂ ಜಾಗ ಇಲ್ಲ ಎಂದರು ಪ್ರೆಸ್ಸಿನವರು.

ಅಕ್ಷರ ಸಣ್ಣ ಮಾಡಿ ಎಂದೆ.